ನೂರ ಹನ್ನೆರಡು ಕೂಸುಗಳ ಸಾಕ್ಷಿ

ಬೆಳಿಗ್ಗೆ ಸ್ಟುಡಿಯೋದ ಬಾಗಿಲು ತೆಗೆಯುವಾಗ ಫೋಟೊದವನ ಕಣ್ಣಿಗೆ ಎದುರು ಸ್ಟುಡಿಯೋದ ಹೊಸ ಬೋರ್ಡು ಬಿತ್ತು: ‘ಕೈಕೂಸಿನ ಪಾಸ್‌ಪೋರ್ಟ್ ಫೋಟೊ ಒಂದೇ ಕ್ಲಿಕ್ಕಿಗೆ. ನಮ್ಮದೇ ಆವಿಷ್ಕಾರ. ಪೇಟೆಂಟಿಗೆ ಅರ್ಜಿ ಹಾಕಲಾಗಿದೆ.’ ಆ ಸ್ಟುಡಿಯೋ ಬೇರೆ ಯಾರದೂ ಅಲ್ಲ, ಅವನ ಸ್ವಂತ ಷಡ್ಡಕನದು. ಮೈಯೆಲ್ಲ ಉರಿದುಹೋಯಿತು.

ಉರಿಯದೆ ಏನು? ಕತ್ತು ನಿಲ್ಲದ ಕೂಸಿನ ಫೋಟೊ ತೆಗೆಯುವ ಕಷ್ಟ ತೆಗೆದವನಿಗೇ ಗೊತ್ತು. ತಾಯಿಯ ಕೈ ಕಾಣಬಾರದು, ಕೂಸು ನೆಟ್ಟಗೆ ನೋಡಬೇಕು. ಅದಕ್ಕಾಗಿ ಅವನು ನಿದ್ದೆಗೆಟ್ಟು ಒಂದು ಕುರ್ಚಿ ಮಾಡಿದ್ದ. ಬೆನ್ನಿಗೆ ಬಿಳಿ ಪರದೆ, ಪರದೆಗೆ ಎರಡು ಬಿಳಿ ತೋಳು. ತಾಯಿ ಹಿಂದಿನಿಂದ ಕೈ ತೂರಿಸಿ ತಲೆ ಹಿಡಿದರೆ ಫೋಟೊದಲ್ಲಿ ಬರೀ ಬಿಳಿ ಕಾಣುತ್ತದೆ. ಕೆಳಗೊಂದು ಪೆಡಲು, ತುಳಿದರೆ ಕ್ಯಾಮೆರಾದ ಮೇಲೆ ಗಿಲಕಿ ಅಲ್ಲಾಡಿ, ಕೂಸು ಬೆರಗಾಗಿ ನೋಡುವ ಹೊತ್ತಿಗೆ ಸರಿಯಾಗಿ ಕ್ಲಿಕ್. ಹೋದ ತಿಂಗಳು ಊಟಕ್ಕೆ ಬಂದಿದ್ದ ಷಡ್ಡಕ ಕುರ್ಚಿಯನ್ನು ಮೂರು ಸುತ್ತು ಸುತ್ತಿ, “ತಲೆ ಅಂದ್ರೆ ನಿಮ್ದು ಅಣ್ಣ” ಎಂದಿದ್ದ. ಹೊಗಳುತ್ತಲೇ ಅಳತೆ ತೆಗೆದಿದ್ದ ಖದೀಮ. ಉಂಡೂ ಹೋದ, ಕೊಂಡೂ ಹೋದ.

“ಅವ್ನಿಗೆ ಪೇಟೆಂಟ್ ಸಿಕ್ರೆ ನಿಮ್ಮ ಕುರ್ಚಿ ಮುಟ್ಟೋಕೆ ನೀವೇ ಅವ್ನ ಅಪ್ಪಣೆ ಕೇಳ್ಬೇಕಾಗತ್ತೆ,” ಎಂದು ಪಕ್ಕದಂಗಡಿಯ ಬಡಗಿ ಉರಿಯುವ ಬೆಂಕಿಗೆ ತುಪ್ಪ ಸುರಿದ. “ಸುಮ್ನೆ ಬಿಡ್ಬೇಡಿ. ಸಾಕ್ಷಿ ಕೂಡಿಸಿ. ನಾನಿದ್ದೀನಿ.”

“ಮೊದ್ಲು ವಕೀಲರನ್ನ ಒಂದು ಮಾತು ಕೇಳಿ, ಆಮೇಲೆ ಡಂಗುರ ಹೊಡೀರಿ,” ಎಂದಳು ಹೆಂಡತಿ.

“ತಂಗಿ ಗಂಡ ಅಂತ ವಹಿಸ್ಕೊಂಡು ಬರ್ತೀಯಾ?” ಎಂದು ಅವಳ ಬಾಯಿ ಮುಚ್ಚಿಸಿದ.

ಮಧ್ಯಾಹ್ನದೊಳಗೆ, ಎರಡು ವರ್ಷದಲ್ಲಿ ಆ ಕುರ್ಚಿಯಲ್ಲಿ ಕೂತೆದ್ದ ನೂರ ಹನ್ನೆರಡು ಕೂಸುಗಳು ತಾರೀಕಿನ ಮೊಹರಿನ ಸಮೇತ ಆಲ್ಬಮ್ಮಿಗೆ ಅಂಟಿಕೊಂಡವು. ಬಡಗಿ ಮನೆಮನೆ ತಿರುಗಿ ತಾಯಂದಿರ ಸಹಿ ತಂದ. ವಕೀಲರ ಆಫೀಸಿಗೆ ಕುರ್ಚಿಯನ್ನೂ ತಾನೇ ಹೊತ್ತ. ದಾರಿಯಲ್ಲಿ ಸಿಕ್ಕ ಸ್ಟುಡಿಯೋಗಳ ಮುಂದೆಲ್ಲ ಇಳಿಸಿ, ಅನ್ಯಾಯದ ಕತೆ ಹೇಳಿ, ಪೆಡಲು ತುಳಿದು ತೋರಿಸಿ, ಅದನ್ನು ಗೇಣಿನಿಂದ ಅಳೆದೂ ನೋಡಿದ. ಬಂಧುಗಳಿಗೂ ಇಲ್ಲದ ಕಾಳಜಿ ಎಂದು ಫೋಟೊದವನ ಕಣ್ಣು ತುಂಬಿತು.

ಪೇಟೆಂಟ್ ಕೆಲಸ ನೋಡುವ ವಕೀಲೆ ಆಲ್ಬಂ ತಿರುವಿದರು. “ವಸ್ತು ಕೆಲಸಕ್ಕೆ ಬರಬೇಕು, ಕಸುಬಿನವರಿಗೆ ಸುಲಭಕ್ಕೆ ಹೊಳೆಯೋಂಥದ್ದಾಗಿರಬಾರದು, ಹೊಸದಾಗಿರಬೇಕು. ಆಗ ಮಾತ್ರ ಪೇಟೆಂಟ್. ಇದನ್ನ ಅವರ ಅರ್ಜಿಗೆ ಮುಂಚೆ ಜನ ನೋಡಿದ್ರಾ?”

“ನೋಡಿದ್ರಾ ಅಂದ್ರೆ? ಎರಡು ವರ್ಷದಿಂದ ಇಡೀ ಬೀದಿ ನೋಡಿದೆ ಮೇಡಂ.”

“ಹಾಗಾದ್ರೆ ಅವರ ಅರ್ಜಿ ನಿಲ್ಲಲ್ಲ. ಇಷ್ಟು ಗಟ್ಟಿ ಸಾಕ್ಷಿ ನಾನು ಕಂಡಿಲ್ಲ.”

ಫೋಟೊದವನು ಬಡಗಿಯ ಬೆನ್ನು ತಟ್ಟಿದ. “ಸರಿ, ಈಗ ನನ್ನ ಹೆಸರಿಗೆ ಅರ್ಜಿ ಬರೀರಿ.”

“ಅದೂ ನಿಲ್ಲಲ್ಲ. ಅರ್ಜಿ ಹಾಕೋ ಮೊದ್ಲೇ ಊರಿಗೆಲ್ಲ ತೋರಿಸಿಬಿಟ್ಟಿದ್ದೀರಿ. ತೋರಿಸಿದ್ದು ನೀವೇ ಆದ್ರೂ ಅದಿನ್ನು ಹೊಸದಲ್ಲ. ನಿಮ್ಮ ಕಾಲ ಮೇಲೆ ನೀವೇ ಕಲ್ಲು ಹಾಕ್ಕೊಂಡ್ರಿ.”

“ಮಾಡಿದವನು ನಾನು, ಕದ್ದವನು ಅವನು. ಇಬ್ಬರಿಗೂ ಒಂದೇ ತೀರ್ಪಾ? ಇದ್ಯಾವ ಸೀಮೆ ನ್ಯಾಯ ಮೇಡಂ?”

“ಅಂದ್ರೆ, ಯಾರು ಬೇಕಾದ್ರೂ ಮಾಡಬಹುದಾ?” ಎಂದು ಬಡಗಿ ಬಹಳ ವಿನಯದಿಂದ ಕೇಳಿದ.

“ಮಾಡಬಹುದು,” ಎಂದರು ವಕೀಲೆ.

ಬಡಗಿ ಕುರ್ಚಿಯೊಂದಿಗೆ ಆಟೋ ಹತ್ತಿ ಮುಂದೆ ಹೋದ. ಫೋಟೊದವನು ಕಾನೂನನ್ನೂ ಷಡ್ಡಕನನ್ನೂ ಬೈಯುತ್ತ, ಆಲ್ಬಂ ಬಗಲಲ್ಲಿಟ್ಟುಕೊಂಡು ನಡೆದೇ ಬಂದ. ಸಂಜೆ ಬೀದಿಗೆ ಕಾಲಿಟ್ಟರೆ, ಬಡಗಿಯ ಅಂಗಡಿಯ ಮುಂದೆ ತನ್ನ ಕುರ್ಚಿ, ಅದರ ಪಕ್ಕದಲ್ಲಿ ಹೊಸ ಹಲಗೆಯ ಅರ್ಧ ಕುರ್ಚಿ.

“ಏನಯ್ಯ ಇದು?”

“ಐದು ಸ್ಟುಡಿಯೋದವರು ಮಾಡಿಕೊಡು ಅಂದಿದ್ದಾರಣ್ಣ. ದಾರೀಲಿ ತೋರಿಸಿದ್ವಲ್ಲ, ಎಲ್ಲರಿಗೂ ಹಿಡಿಸಿಬಿಡ್ತು.” ಬಡಗಿ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಕೈ ಚಾಚಿದ. “ಆ ಆಲ್ಬಂ ಎರಡು ದಿನ ಕೊಟ್ಟಿರಿ. ಗಿರಾಕಿಗಳು ಬಾಯಿಮಾತು ನಂಬಲ್ಲ, ಸಾಕ್ಷಿ ಕೇಳ್ತಾರೆ.”