ಅಲಾರಂ ಪೆಟ್ಟಿಗೆಯು ಫೋನ್ ಲೈನಿನಲ್ಲಿ ತನ್ನ ಸರದಿಗಾಗಿ ಕಾಯುವ ಕುರಿತು

ಸಂಖ್ಯೆ: ದಾಶಾ/ಅಲಾರಂ/ಸರದಿ/೧೭ (ನಾಲ್ಕನೇ ತಿದ್ದುಪಡಿ)

ವಿಷಯ: ಕಚೇರಿಯ ಏಕೈಕ ದೂರವಾಣಿ ಲೈನನ್ನು ಅಲಾರಂ ಪೆಟ್ಟಿಗೆಯು ಅಧಿಕಾರಿಗಳೊಂದಿಗೆ ವಿನಯದಿಂದ ಹಂಚಿಕೊಳ್ಳುವ ಬಗ್ಗೆ.

ಉಲ್ಲೇಖ: ೧. ಮಾನ್ಯ ಉಪನಿರ್ದೇಶಕರು ಮಂಗಳವಾರ ತಮ್ಮ ಭಾವೀ ಬೀಗರೊಂದಿಗೆ ನಡೆಸಿದ ಮಾತುಕತೆ.
೨. ಅದೇ ವೇಳೆ ದಾಖಲೆ ಕೊಠಡಿಗೆ ಬಿದ್ದ ಬೆಂಕಿ.

ಅಲಾರಂ ಅಳವಡಿಸಿದ ಮೆಕ್ಯಾನಿಕ್, ಬೀದಿಯಿಂದ ಬಂದ ತಂತಿಯನ್ನು ಮೊದಲು ಪೆಟ್ಟಿಗೆಗೂ ನಂತರ ಮಾನ್ಯರ ಫೋನಿಗೂ ಜೋಡಿಸಿದ್ದು, ಹೊಗೆ ಕಂಡೊಡನೆ ಪೆಟ್ಟಿಗೆಯು ಯಾರ ಮಾತನ್ನಾದರೂ ಕಡಿದು ಅಗ್ನಿಶಾಮಕ ಠಾಣೆಗೆ ಕರೆ ಮಾಡುತ್ತಿತ್ತು. ಕಳೆದ ತಿಂಗಳು ಪೆಟ್ಟಿಗೆಯನ್ನು ಪರೀಕ್ಷಿಸಿದ ದಿನ ಮಾನ್ಯರು ಬೀಗರಿಗೆ "ನಮ್ಮ ಹುಡುಗಿ ಜಗಳಗಂಟಿ ಅನ್ನೋದು ಶುದ್ಧ ಸುಳ್ಳು" ಎಂದು ತಿಳಿಸುತ್ತಿರಲಾಗಿ, ಕೊನೆಯ ಎರಡು ಪದಗಳು ಬೀಗರನ್ನು ತಲುಪಿರುವುದಿಲ್ಲ. ಆದ್ದರಿಂದ ತಂತಿಯಲ್ಲಿ ಫೋನನ್ನು ಮುಂದಕ್ಕೂ ಪೆಟ್ಟಿಗೆಯನ್ನು ಹಿಂದಕ್ಕೂ ಹಾಕಲು ಆದೇಶಿಸಲಾಯಿತು. "ಹೀಗ್ ಹಾಕಿದ್ರೆ ನೀವು ಮಾತಾಡ್ತಿರೋವಷ್ಟು ಹೊತ್ತೂ ಅದರ ಬಾಯಿ ಕಟ್ಟಿದ ಹಾಗೇ ಸಾರ್" ಎಂಬ ಮೆಕ್ಯಾನಿಕ್‌ನ ಮಾತನ್ನು ಅಧಿಕಪ್ರಸಂಗವೆಂದು ದಾಖಲಿಸಲಾಗಿದೆ.

ಮಂಗಳವಾರ ಬೆಳಿಗ್ಗೆ ಬೆಂಕಿ ಬಿದ್ದಾಗ ಪೆಟ್ಟಿಗೆಯು ಆದೇಶದಂತೆ ನಲವತ್ತು ನಿಮಿಷ ಸುಮ್ಮನಿತ್ತು. ಅದರ ಶಿಸ್ತನ್ನು ಇಲಾಖೆಯು ಮೆಚ್ಚಿದೆ. ಆದರೆ ಕಸ ಗುಡಿಸುವ ನೌಕರಳು ಮಾನ್ಯರ ಬಾಗಿಲಲ್ಲಿ ನಿಂತು "ಸಾಹೇಬ್ರೇ, ಫೋನ್ ಇಡಿ, ಒಳಗೆ ಹತ್ಕೊಂಡು ಉರೀತಿದೆ!" ಎಂದು ಕೂಗಿದ್ದು, ತಾಳು ಎಂದು ಕೈಸನ್ನೆ ಮಾಡಿದರೂ ತಾಳದೆ ಠಾಣೆಗೆ ಓಡಿ, ಹಿಂದಿರುಗಿ, ಕೈ ಸುಟ್ಟುಕೊಂಡು ಸಿಬ್ಬಂದಿಯ ನೂರಹದಿನಾಲ್ಕು ಸೇವಾ ಪುಸ್ತಕಗಳನ್ನು ಹೊರಗೆಳೆದಿರುತ್ತಾಳೆ. ಉಳಿದ ಒಂದು ಪುಸ್ತಕ ಸುಟ್ಟಿದೆ.

ಆದಕಾರಣ ಎಲ್ಲರ ಪಾಲನೆಗಾಗಿ ವಿಧಿಸಿರುವುದೇನೆಂದರೆ:

೧. ಲೈನು ಖಾಲಿಯಾಗುವವರೆಗೆ ಪೆಟ್ಟಿಗೆಯು ಕಾಯತಕ್ಕದ್ದು. ಮಾನ್ಯರು ಕೆಮ್ಮಲು ಮಾತು ನಿಲ್ಲಿಸಿದರೆ ಅದನ್ನು ಖಾಲಿ ಎಂದು ಭಾವಿಸತಕ್ಕದ್ದಲ್ಲ.

೨. ಬೆಂಕಿಯು ಸಾಧ್ಯವಾದಷ್ಟೂ ಊಟದ ಬಿಡುವಿನಲ್ಲಿ ಸಂಭವಿಸತಕ್ಕದ್ದು.

೩. ಹೊಗೆ ಕಂಡವರು ಅದರ ಬಣ್ಣ, ದಿಕ್ಕು ಹಾಗೂ ಉದ್ದೇಶವನ್ನು ನಮೂದಿಸಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಕೂಗುವುದನ್ನು ಅರ್ಜಿಯೆಂದು ಪರಿಗಣಿಸಲಾಗುವುದಿಲ್ಲ. ಕೂಗಲೇಬೇಕಾದವರು ಬೀಗರಿಗೆ ಕೇಳಿಸದಂತೆ ಕೂಗುವುದು.

೪. ವಹಿಯಲ್ಲಿ ನಮೂದಿಸದೆ ನೂರಹದಿನಾಲ್ಕು ಪುಸ್ತಕಗಳನ್ನು ಹೊರಗೊಯ್ದ ಸದರಿ ನೌಕರಳ ಮೇಲೆ ಶಿಸ್ತುಕ್ರಮ ಜರುಗಿಸಲು ತೀರ್ಮಾನಿಸಲಾಗಿತ್ತು. ಆದರೆ ಸುಟ್ಟಿರುವುದು ಆಕೆಯದೇ ಸೇವಾ ಪುಸ್ತಕವಾದ್ದರಿಂದ, ಆಕೆ ಇಲ್ಲಿಯ ನೌಕರಳೆಂಬುದಕ್ಕೆ ದಾಖಲೆ ಇರುವುದಿಲ್ಲ. ಹತ್ತೊಂಬತ್ತು ವರ್ಷ ಇಲ್ಲಿ ಗುಡಿಸಿದ್ದನ್ನು ಆಕೆಯೇ ರುಜುವಾತುಪಡಿಸಿದ ಬಳಿಕ ಶಿಕ್ಷಿಸಲಾಗುವುದು.

ಸಹಿ/-
ಉಪನಿರ್ದೇಶಕರ ಪರವಾಗಿ, ಶಾಖಾಧಿಕಾರಿ
(ಮಾನ್ಯರು ಫೋನಿನಲ್ಲಿದ್ದಾರೆ)

ಪ್ರತಿಗಳು:
೧. ಅಗ್ನಿಶಾಮಕ ಠಾಣೆಗೆ, ಲೈನು ಸಿಗದ ಕಾರಣ ಅಂಚೆ ಮೂಲಕ.
೨. ಭಾವೀ ಬೀಗರಿಗೆ, ಕ್ಷಮೆಯೊಂದಿಗೆ.
೩. ಸದರಿ ನೌಕರಳಿಗೆ. (ಓದಿ ಹೇಳಲಾಯಿತು. "ಪುಸ್ತಕ ಇಲ್ದಿದ್ರೆ ನಾನು ನಿಮ್ಮೋಳಲ್ಲ ಅಂತಾಯ್ತಲ್ಲ, ನಾಳೆಯಿಂದ ನೀವೇ ಗುಡಿಸ್ಕೊಳ್ಳಿ" ಎಂದು ಪೊರಕೆಯನ್ನು ಶಾಖಾಧಿಕಾರಿಯ ಮೇಜಿನ ಮೇಲಿಟ್ಟು ಹೋಗಿರುತ್ತಾಳೆ. ಪೊರಕೆಯನ್ನು ಸ್ವೀಕರಿಸಲಾಗಿದೆ.)