ಒಂದು ಓಟು, ಹನ್ನೊಂದು ವಾರಸುದಾರರು

ಬಸವಂತರಾಯರಿಗೆ ಒಂದೂ ಓಟು ಬೀಳದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ಮನೆಗೆ ಬಂದು, ಅವಲಕ್ಕಿ ಕಲಸಿಕೊಂಡು ತಿಂದು, ಮಲಗಿಬಿಡುತ್ತಿದ್ದರು. ಆದರೆ ಬಿದ್ದದ್ದು ಒಂದು.

ಬೊರಿವಲಿಯ ಶಾಲೆಯೊಂದರಲ್ಲಿ ಪಾಲಿಕೆ ಚುನಾವಣೆಯ ಎಣಿಕೆ ಮುಗಿದಾಗ ಮಧ್ಯಾಹ್ನ ಹನ್ನೆರಡು. ಗೆದ್ದವನಿಗೆ ಸಾವಿರಗಟ್ಟಲೆ. ಪಟ್ಟಿಯ ತಳದಲ್ಲಿ ಪಕ್ಷೇತರ ಬಸವಂತರಾಯ, ಗುರುತು ಇಸ್ತ್ರಿ ಪೆಟ್ಟಿಗೆ, ಮತ ಒಂದು. "ಅದು ನಿಮ್ಮದೇ ಇರಬೇಕು, ಕಾಕಾ" ಎಂದು ಬಾಗಿಲಲ್ಲಿದ್ದ ಪೊಲೀಸಪ್ಪ ಸಮಾಧಾನ ಹೇಳಿದ.

ಅದು ಅವರದ್ದಾಗಿರಲಿಲ್ಲ. ಈ ಸಲ ವಾರ್ಡಿನ ಗಡಿ ಹೊಸದಾಗಿ ಎಳೆದವರು ರಾಯರ ಹೆಸರನ್ನು ರಸ್ತೆಯಾಚೆಗಿನ ವಾರ್ಡಿಗೆ ದಾಟಿಸಿದ್ದರು. ನಿಂತದ್ದು ಇಲ್ಲಿ, ಓಟು ಹಾಕಿದ್ದು ಅಲ್ಲಿ. ಅಂದ ಮೇಲೆ ಇಷ್ಟು ದೊಡ್ಡ ಮುಂಬಯಿಯಲ್ಲಿ ತಮ್ಮನ್ನು ನೆನೆದು ಗುಂಡಿ ಒತ್ತಿದ ಬೆರಳು ಒಂದಾದರೂ ಇದೆ. ರಾಯರ ಎದೆ ಹಬ್ಬದ ಹೋಳಿಗೆಯಂತೆ ಉಬ್ಬಿತು.

ಗ್ರಾಂಟ್ ರೋಡಿನ ಬನಿಯನ್ ಅಂಗಡಿಯಲ್ಲಿ ಗುಮಾಸ್ತಿಕೆ ಮಾಡಲು ಮೂವತ್ತೆರಡು ವರ್ಷ ಲೋಕಲ್ ರೈಲಿನಲ್ಲಿ ನಿಂತವರಿಗೆ ಚುನಾವಣೆಗೆ ನಿಲ್ಲುವುದೇನೂ ಕಷ್ಟವಾಗಿರಲಿಲ್ಲ. ನಿವೃತ್ತಿಯಾದ ವರ್ಷವೇ ಹೆಂಡತಿ ಅಂಬವ್ವ ತೀರಿಕೊಂಡಿದ್ದಳು. ಆಮೇಲೆ ಮನೆಯ ಬೆಲ್ ಒತ್ತುವವರೇ ಇಲ್ಲದೆ, ಅದು ಕೆಟ್ಟಿದೆಯೋ ಏನೋ ಎಂದು ರಾಯರು ತಿಂಗಳಿಗೊಮ್ಮೆ ತಾವೇ ಹೊರಗೆ ಹೋಗಿ ಒತ್ತಿ ನೋಡುತ್ತಿದ್ದರು. ಉಮೇದುವಾರನಾದರೆ ನಾಲ್ಕು ಜನ ಬಂದು ಹೋಗುತ್ತಾರೆ ಎಂಬ ಆಸೆಗೆ ನಾಮಪತ್ರ ಹಾಕಿದ್ದರು. ಯಾರೂ ಬಂದಿರಲಿಲ್ಲ.

ಈಗ ಆ ಒಬ್ಬರನ್ನು ಹುಡುಕಿ, ರಾತ್ರಿ ಊಟಕ್ಕೆ ಕರೆಯಬೇಕು. ಬದನೆಕಾಯಿ ಎಣ್ಣೆಗಾಯಿ ಮಾಡಬೇಕು. ರಾಯರು ದಾರಿಯಲ್ಲಿ ಒಂದು ಕಿಲೋ ಪೇಢೆ ಕಟ್ಟಿಸಿಕೊಂಡರು. ಸೋತು ಪೇಢೆ ಕೊಳ್ಳುವವರನ್ನು ಅಂಗಡಿಯವನು ಅದೇ ಮೊದಲು ನೋಡಿದ್ದು.

ಮೊದಲ ಬಾಗಿಲು ಬಿಲ್ಡಿಂಗಿನ ಸೆಕ್ರೆಟರಿ ಸುಭಾಷನದು. ಬೆಳಗಾವಿಯವನು. ನಾಮಪತ್ರಕ್ಕೆ ಸೂಚಕನಾಗಿ ಸಹಿ ಹಾಕಿದವನೂ ಅವನೇ.

"ಇದನ್ನೇನ ಕೇಳ್ತೀರಿ ಕಾಕಾ? ಫಾರ್ಮಿಗೆ ಸಹಿ ಮಾಡಿದಾಂವ ನಾನು. ಓಟು ಮತ್ತ್ಯಾರು ಹಾಕ್ತಾರು?" ಎಂದು ಸುಭಾಷ ಎರಡು ಪೇಢೆ ಎತ್ತಿಕೊಂಡ.

ರಾಯರ ಕಣ್ಣು ತೇವವಾಯಿತು. ಊಟಕ್ಕೆ ಕರೆದು ಹೊರಬಂದರೆ, ಎದುರು ಬಾಗಿಲ ಶೀಲಾವತಿ ಕಿವಿಗೊಟ್ಟು ನಿಂತಿದ್ದರು. ಮಂಗಳೂರು ಕಡೆಯವರು.

"ಸುಭಾಷನಾ ಹಾಕಿದ್ದು? ಅವನು ಆ ದಿನ ಇಡೀ ಲೋನಾವಳಾದಲ್ಲಿ ಇದ್ದದ್ದು, ಮಾರಾಯ್ರೆ. ಹಾಕಿದ್ದು ನಾನು. ಇಸ್ತ್ರಿ ಪೆಟ್ಟಿಗೆ ಅಲ್ವಾ? ಒತ್ತುವಾಗ ಬೆರಳಿಗೆ ಬಿಸಿ ಹತ್ತಿದ ಹಾಗೆ ಆಯ್ತು ನಂಗೆ."

ಮೂರನೇ ಮಹಡಿಯ ಅನಿಕೇತ್ ಲ್ಯಾಪ್‌ಟಾಪ್ ಮುಚ್ಚದೆಯೇ ಕೈ ಚಾಚಿದ. "ಅಂಕಲ್, ನಾನು... ಓಟ್... ಆಪ್ ಹೀ ಕೋ ದಿಯಾ. ಐ ಮೀನ್, ಕೊಟ್ಟಿದೆ."

ನಾಲ್ಕು ಗಂಟೆಗೆ ಪೇಢೆ ಮುಗಿದಿತ್ತು, ಓಟು ಹಾಕಿದವರು ಹನ್ನೊಂದು ಮಂದಿ ಆಗಿದ್ದರು. ಲಿಫ್ಟಿನ ಮುಂದೆ ಅವರಲ್ಲೇ ಜಗಳ ಹತ್ತಿತು. ಸುಭಾಷ ಸುಳ್ಳ ಎಂದರು ಶೀಲಾವತಿ. ನಿಮ್ಮ ಬೆರಳಿಗೆ ಶಾಯಿಯೇ ಇಲ್ಲ ಎಂದ ಸುಭಾಷ. ಪಾತ್ರೆ ಉಜ್ಜಿ ಹೋಯಿತು ಎಂದರು ಶೀಲಾವತಿ. ಕಡೆಗೆ ಸುಭಾಷನಿಗೇ ಒಂದು ದಾರಿ ಹೊಳೆಯಿತು.

"ನಮ್ಮಾಗ ಯಾರೂ ಸುಳ್ಳ ಹೇಳಿಲ್ಲ. ಸುಳ್ಳ ಹೇಳಿದ್ದು ಮಷಿನ್. ಹನ್ನೊಂದರಾಗ ಹತ್ತು ನುಂಗೇತಿ. ತಕ್ರಾರು ಕೊಡೋಣು."

ಎಲ್ಲರ ಮಾನ ಉಳಿಯಿತು. ಅರ್ಜಿ ಬರೆಯಲು ಇಡೀ ಗುಂಪು ರಾಯರ ಮನೆಗೇ ಬಂತು. ಬೆಲ್ ಆರು ಸಲ ಬಡಿದುಕೊಂಡಿತು. ಬಾಗಿಲು ತೆರೆದೇ ಇದ್ದರೂ ಕೆಲವರು ಒತ್ತಿದರು. ಒಬ್ಬರು ಚಹಾಕ್ಕೆ ಶುಂಠಿ ಕೇಳಿದರು, ಇನ್ನೊಬ್ಬರು ಫ್ಯಾನ್ ಜೋರು ಮಾಡಿದರು. ರಾಯರು ಲೋಟ ಸಾಲದೆ ಬಟ್ಟಲುಗಳಲ್ಲಿ ಚಹಾ ಕೊಟ್ಟರು. ಹತ್ತು ಜನ ಹುಸಿ ಹೇಳುತ್ತಿದ್ದಾರೆಂದು ಅವರಿಗೂ ಗೊತ್ತಿತ್ತು. ಆದರೆ ಆ ಹನ್ನೊಂದನೆಯವರು ಈ ಕೋಣೆಯಲ್ಲೇ ಕೂತಿದ್ದಾರಲ್ಲ.

ಹನ್ನೊಂದು ಸಹಿ ಬಿದ್ದವು. ಸಂಜೆ ಆರರೊಳಗೆ ಚುನಾವಣಾ ಅಧಿಕಾರಿಗೆ ಮುಟ್ಟಿಸಬೇಕು. ಎಲ್ಲರೂ ಗೇಟಿನವರೆಗೆ ಬಂದು ಕಳಿಸುತ್ತೇವೆಂದು ಮುಂದೆ ಇಳಿದರು. ಬಾಗಿಲಿಗೆ ಬೀಗ ಹಾಕಿ ರಾಯರು ಹಿಂದಿನಿಂದ ಇಳಿಯುವಾಗ, ಮೆಟ್ಟಿಲು ಒರೆಸುವ ರುದ್ರವ್ವ ಬಕೆಟ್ ಅಡ್ಡ ಇಟ್ಟು ನಿಂತಳು. ಸಿಂದಗಿ ಕಡೆಯ ಹೆಂಗಸು.

"ಅಣ್ಣಾರ, ಆ ಕಾಗದ ಕೊಡಬ್ಯಾಡ್ರಿ. ತಪಾಸ ಆತಂದ್ರ ನನ್ನ ಜೇಲಿಗೆ ಒಯ್ತಾರ. ಆ ಒಂದು ಓಟು ನಂದರೀ."

ರಾಯರು ಒದ್ದೆ ಮೆಟ್ಟಿಲ ಮೇಲೆಯೇ ಕೂತರು. "ನಿಂದೇನವಾ?"

"ನಂದು ಅಂದ್ರ ನಂದಲ್ರಿ. ನನ್ನ ಓಟು ಊರಾಗ ಐತಿ. ಗೆದ್ದಾರಲ್ಲ, ಅವರ ಮಂದಿ ಒಂದು ಚೀಟಿ ಕೊಟ್ಟು, ಈ ಹೆಸರಲೆ ನಮಗ ಹಾಕಿ ಬಾ ಅಂತ ಕಳಿಸಿದ್ರು. ನನಗೆಲ್ಲಿ ಓದಾಕ ಬರತೈತಿ? ಒಳಗ ಸಾಹೇಬ ಹೆಸರು ಕೂಗಿದ, ಅಂಬವ್ವ ಬಸವಂತರಾಯ ಅಂತ. ಎದಿ ಧಸಕ್ ಅಂತು."

ಗಡಿ ಎಳೆದವರು ಬದುಕಿರುವವರನ್ನು ರಸ್ತೆ ದಾಟಿಸಿ, ಸತ್ತವಳನ್ನು ಇಲ್ಲೇ ಬಿಟ್ಟಿದ್ದರು.

"ವೈನಿ ಹೆಸರಿನ ಓಟು ಬ್ಯಾರೆಯವರಿಗೆ ಒತ್ತಾಕ ಕೈ ಬರಲಿಲ್ರಿ, ಅಣ್ಣಾರ."

ರಾಯರು ಮೆಟ್ಟಿಲಿನಿಂದ ಎದ್ದು, "ರಾತ್ರಿ ಊಟಕ್ಕರ ಬಾರವಾ" ಎಂದರು.

"ಆಗೂದಿಲ್ರಿ. ಗೆದ್ದವರ ಮೆರವಣಿಗಿ ಐತಿ. ನಮ್ಮನ್ನೂ ಬಾ ಅಂದಾರ."

ಗೇಟಿನ ಬಳಿ, ಹನ್ನೊಂದು ಜನರ ಎದುರಿಗೇ, ರಾಯರು ಅರ್ಜಿಯನ್ನು ನಾಲ್ಕು ತುಂಡು ಮಾಡಿದರು.

"ಯಾಕ?" ಎಂದ ಸುಭಾಷ. ರಾಯರು ತುಂಡುಗಳನ್ನು ಕಸದ ಡಬ್ಬಿಗೆ ಹಾಕಿದರು. "ತಿಳೀತು ಬಿಡ್ರಿ. ಗೆದ್ದವನ ಕಡೀಂದ ಫೋನ್ ಬಂತು. ಏನ್ ಕೊಟ್ಟ ಕಾಕಾ?"

"ನನ್ನ ಓಟನ್ನು ಹೀಗೆ ಹರಿದು ಬಿಸಾಡುವುದಾ?" ಎಂದರು ಶೀಲಾವತಿ. ಈಗ ಅವರಿಗೆ ತಾವು ಹಾಕಿದ್ದು ಖಂಡಿತವಾಗಿತ್ತು. "ಇನ್ನು ನಿಮಗೂ ನಮಗೂ ಮಾತಿಲ್ಲ ರಾಯರೇ."

ಬಾಯಿ ಬಿಟ್ಟರೆ ರುದ್ರವ್ವ ಜೇಲಿಗೆ. ರಾಯರು ಮೆಟ್ಟಿಲು ಹತ್ತಿದರು. ಅವರ ಹಿಂದೆ ಹನ್ನೊಂದು ಬಾಗಿಲು ಒಂದೊಂದಾಗಿ ಹಾಕಿಕೊಂಡವು.

ಒಳಗೆ ಚಹಾದ ಬಟ್ಟಲುಗಳು ಹಾಗೇ ಬಿದ್ದಿದ್ದವು. ರಾಯರು ಅಂಬವ್ವನ ಫೋಟೋದ ಮುಂದೆ ನಿಂತು ಎರಡೂ ಕೈ ಜೋಡಿಸಿದರು, ಓಟು ಕೇಳುವವರ ಹಾಗೆ.

"ಇಡೀ ವಾರ್ಡ್ ತಿರುಗಿ ಎಲ್ಲಾರಿಗೂ ಕೈ ಮುಗದೆ, ಅಂಬವ್ವಾ. ನಿನ್ನ ಒಬ್ಬಾಕಿನ್ನ ಕೇಳೂದು ಬಿಟ್ಟಿದ್ದೆ ನೋಡು."