ಚಿಕ್ಕಮಾವನವರ ದೋಣಿಗಾಡಿ

ಒಣನೆಲದ ಮೇಲೆ ನಮ್ಮ ಚಿಕ್ಕಮಾವನವರಷ್ಟು ದೋಣಿ ಓಡಿಸಿದವರು ಈ ಭೂಮಿಯಲ್ಲಿ ಇನ್ನೊಬ್ಬರಿಲ್ಲ. ಬೇಕಾದರೆ ಆಣೆ ಮಾಡಿ ಹೇಳುತ್ತೇನೆ!

ನಾನು ಸೊಸೆಯಾಗಿ ಹೊಸೂರು ಕಡೆಯ ತೊರಪಲ್ಲಿಯ ಆಚೆಗಿನ ಆ ಊರಿಗೆ ಬಂದಾಗ ಎರಡನೇ ಮಹಾಯುದ್ಧ ಆಗತಾನೇ ಮುಗಿದಿತ್ತು. ಬೆಂಗಳೂರಿನಲ್ಲಿ ಮಿಲಿಟರಿ ಸಾಮಾನು ಹರಾಜಾಗುತ್ತದೆಂದು ಕೇಳಿ, ಮಾವನವರ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ನೇಗಿಲ ಗುಳ ತರಲು ಹೋದರು. ತಂದದ್ದು ಒಂದು ದೋಣಿ, ಅದನ್ನು ಹೊರುವ ರಬ್ಬರ್ ಚಕ್ರದ ಟ್ರೈಲರ್. ರಾಗಿ ಬೆಳೆಯುವ ಊರಿಗೆ ದೋಣಿ ಯಾಕೆ? ಕೇಳಿದರೆ ನಗುತ್ತಿದ್ದರು, ಅಷ್ಟೇ.

ಲಾರಿಗೆ ಕಟ್ಟುವ ಟ್ರೈಲರಿಗೆ ಎತ್ತು ಕಟ್ಟಿದರು. ದೀಪದ ತಂತಿಗಳೆಲ್ಲ ಕಿತ್ತುಹೋಗಿದ್ದವು. ಬ್ರೇಕು ಹೆಸರಿಗೆ ಮಾತ್ರ ಇತ್ತು. ಹೊಸೂರಿನ ಬಸ್ಸೊಂದರ ಹಳೆ ಬ್ಯಾಟರಿ ತಂದು, ಹಜಾರದ ತುಂಬ ತಂತಿ ಹರಡಿಕೊಂಡು ಕೂತರು. ಅದನ್ನು ದಾಟಿ ಅಡುಗೆಮನೆಗೆ ಹೋಗಲು ನಾನು ಸೀರೆ ಎತ್ತಿ ಕುಪ್ಪಳಿಸಬೇಕಿತ್ತು.

ಮೊದಲ ಸಲ ಬ್ರೇಕಿನ ಹಿಡಿ ಎಳೆದಾಗ ಹಿಂದಿನ ಕೆಂಪು ದೀಪ ಝಗ್ಗೆಂದು ಹೊತ್ತಿತು. ಗಾಡಿ ಮಾತ್ರ ನಿಲ್ಲಲಿಲ್ಲ; ನೇರ ಹೋಗಿ ಹುಲ್ಲಿನ ಬಣವೆಗೆ ನುಗ್ಗಿತು. ಎರಡನೆಯ ಸಲ, ಸೂಳಗಿರಿ ದಾರಿಯ ಇಳಿಜಾರಿನಲ್ಲಿ, ಬ್ರೇಕು ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಗಾಡಿ ನಿಂತಿತು, ಎತ್ತುಗಳು ನಿಲ್ಲಲಿಲ್ಲ. ಹಗ್ಗ ಕಿತ್ತುಕೊಂಡು ನೊಗದ ಸಮೇತ ಮನೆಗೆ ಬಂದುಬಿಟ್ಟವು. ಚಿಕ್ಕತ್ತೆ ಅವಕ್ಕೆ ಕಲಗಚ್ಚು ಇಡುತ್ತಾ, "ಇವೆರಡ್ಕಾದ್ರೂ ಮನೆ ಗ್ಯಾಪ್ಕ ಐತೆ," ಎಂದರು.

ಸಂತೆಯಿಂದ ಮುಸ್ಸಂಜೆಗೆ ಮರಳುತ್ತಿದ್ದವರು ಆ ಕೆಂಪು ದೀಪ ಕಂಡು ಕೊಳ್ಳಿದೆವ್ವವೆಂದು ಹೊಲಕ್ಕೆ ಬಿದ್ದು ಓಡಿದ್ದೂ ಉಂಟು. ದೆವ್ವವೇ ಕೆಳಗಿಳಿದು, ಬಿಟ್ಟುಹೋದ ಅವರ ಚೀಲಗಳನ್ನು ಮನೆಮನೆಗೆ ಮುಟ್ಟಿಸಿತು.

ಆ ಮಳೆಗಾಲದಲ್ಲಿ ಪಿನಾಕಿನಿ ತುಂಬಿತು. ಚಿಕ್ಕತ್ತೆಯ ತವರು ಹೊಳೆಯಾಚೆ. ಅವರ ಅವ್ವನಿಗೆ ತೀರಾ ಕಷ್ಟವಾಗಿದೆಯೆಂದು ಆಚೆ ದಡದಿಂದ ಯಾರೋ ಕೂಗಿ ಹೇಳಿದರು. ಸುದ್ದಿ ಮನೆಗೆ ಬಂದದ್ದೇ ತಡ, ಚಿಕ್ಕಮಾವ ಗಾಡಿ ಕಟ್ಟಿದರು.

ದೋಣಿ ನೀರಿಗಿಳಿಸಲು ಗಾಡಿಯನ್ನು ಹಿಮ್ಮುಖವಾಗಿ ಹೊಳೆಯ ಕಡೆಗೆ ಇಳಿಸಿದರು. ದಡ ಕಡಿದಾಗಿತ್ತು, ಕೆಸರು ಜಾರುತ್ತಿತ್ತು. ಗಾಡಿ ನಿಲ್ಲದಿದ್ದರೆ ಎತ್ತು, ದೋಣಿ ಎಲ್ಲವೂ ಹೊಳೆಯ ಪಾಲು. ಬ್ರೇಕಿನ ಹಿಡಿಗೆ ನಾನೂ ಮಾವನವರೂ ಒಟ್ಟಿಗೆ ಜೋತುಬಿದ್ದೆವು. ಹಿಡಿಯಿತು. ಮೋಡಕ್ಕೆ ಹಗಲೇ ಮಬ್ಬಾಗಿತ್ತು. ಹೊತ್ತಿಕೊಂಡ ಕೆಂಪು ದೀಪವನ್ನು ಕಂಡು ಆಚೆಯವರು ಹಗ್ಗ ಹಿಡಿದು ನೀರಿನಂಚಿಗೆ ಓಡಿ ಬಂದರು. ಚಿಕ್ಕಮಾವ ಹೆಂಡತಿಯನ್ನು ಕೂರಿಸಿಕೊಂಡು ದೋಣಿ ತಳ್ಳಿದರು.

ಹಿಂದಿನ ವರ್ಷ ಚಿಕ್ಕತ್ತೆಯ ಅಪ್ಪ ತೀರಿಕೊಂಡಾಗಲೂ ಹೊಳೆ ಹೀಗೇ ತುಂಬಿತ್ತಂತೆ. ಚಿಕ್ಕತ್ತೆ ದಾಟಲಾಗದೆ ಇದೇ ದಡದಲ್ಲಿ ನಿಂತು ಆಚೆಯ ಚಿತೆಯ ಹೊಗೆ ನೋಡಿದ್ದರಂತೆ. ಮಾವನವರು ನನಗೆ ಅದನ್ನು ಹೇಳಿದ್ದು ಆಗಲೇ.

"ಅವನಿಗೆ ಈಜು ಬರಲ್ಲ ಕಣಮ್ಮ," ಎಂದರು ಆಮೇಲೆ.

"ಚಿಕ್ಕತ್ತೆಗೆ ಗೊತ್ತಾ, ಮಾವ?"

"ಗೊತ್ತಿಲ್ದೆ ಏನು? ಅಲ್ನೋಡು."

ಚಿಕ್ಕತ್ತೆ ಗಂಡನ ಅಂಗಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದರು. ಆಚೆ ದಡ ಮುಟ್ಟುವವರೆಗೂ ಬಿಡಲಿಲ್ಲ.

ನೀರಿಳಿದ ಮೇಲೆ ಇಬ್ಬರೂ ಮರಳಿದರು. ಅವ್ವ ಮಗಳ ಕೈಯಿಂದಲೇ ಗಂಜಿ ಕುಡಿದು, ಅವಳ ತೊಡೆಯ ಮೇಲೆಯೇ ಕಣ್ಣು ಮುಚ್ಚಿದರೆಂದು ಚಿಕ್ಕತ್ತೆ ನಮಗೆಲ್ಲ ಸಮಾಧಾನವಾಗಿ ಹೇಳಿದರು. ಕಂಬಕ್ಕೊರಗಿ ಕೂತು ಮಗುವಿನಂತೆ ಅತ್ತವರು ಚಿಕ್ಕಮಾವ.